ಬೋರ್ಡಿನ ಮೇಲೆ ಸುಳ್ಳು ಹಾಕಬಾರದು

ಎಲ್ಲರಿಗೂ ನಮಸ್ಕಾರ. ನಮ್ಮನ್ನು ಅಗಲಿದ ಟೀಚರ್ ಅವರ ಯಜಮಾನರೇ, ಮಗಳೇ, ಶಾಲೆಯ ಮಕ್ಕಳ ತಂದೆತಾಯಂದಿರೇ, ಆಯಾ, ಡ್ರೈವರಣ್ಣ — ಮತ್ತು ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಮಕ್ಕಳೇ —

ನಾನು ಶಾಲೆಯಲ್ಲಿ ಟೀಚರ್ ಅವರ ಪಕ್ಕದ ಕೋಣೆಯವಳು. ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಇವತ್ತು ನಾನೇ ತಡವರಿಸಿದರೆ ಸಹಿಸಿಕೊಳ್ಳಿ.

ಹೋದ ಗುರುವಾರ ಬೆಳಿಗ್ಗೆ ಎಂಟೂವರೆಗೆ, "ಏನ್ರೀ, ನನ್ನ ಕತ್ತರಿ ಮತ್ತೆ ನೀವೇ ಹೊತ್ಕೊಂಡು ಹೋಗಿದೀರಾ?" ಅಂತ ನನ್ನ ಮೇಲೆ ರೇಗಿದವರು, ಹನ್ನೊಂದೂಕಾಲಿಗೆ ಇಲ್ಲ. ಇಲ್ಲ ಅಂದರೆ ಇಲ್ಲ! ನಲವತ್ತಾರು ವರ್ಷ. ಇದೇನು ಹೋಗುವ ವಯಸ್ಸೇ? ಆ ಕತ್ತರಿ ಇನ್ನೂ ನನ್ನ ಮೇಜಿನ ಮೇಲಿದೆ. ಕೊಡೋಣ ಅಂತ ಎದ್ದು, ಅವರ ಕೋಣೆಯ ಬಾಗಿಲವರೆಗೂ ಹೋಗಿ, ವಾಪಸ್ ಬರುತ್ತೇನೆ. ಎಂಟು ದಿನದಿಂದ ಇದೇ ಆಗಿದೆ.

ಇಲ್ಲಿಟ್ಟಿರುವ ಫೋಟೋ ನೋಡಿ ಕೆಲವರು ಮುಖ ಮುಖ ನೋಡಿಕೊಂಡಿರಿ. ಕಣ್ಣು ಅಗಲ, ಬಾಯಿ ಅರ್ಧ ತೆರೆದಿದೆ. ಇದೆಂಥ ಫೋಟೋ ಇಟ್ಟಿದ್ದಾರೆ ಅನ್ನಿಸಿರಬೇಕು. ಇಟ್ಟವಳು ಅವರ ಮಗಳು. ನಗುವ ಫೋಟೋ ಇಡೋಣ ಎಂದು ನಾವೆಲ್ಲ ಹೇಳಿದೆವು. ಅವಳು, "ಬೇಡ ಆಂಟಿ. ನಗೋ ಫೋಟೋ ಇಟ್ರೆ ಅಮ್ಮ ಇವತ್ತು ಖುಷಿಯಾಗಿದಾಳೆ ಅಂದ್ಕೋತಾರೆ ಮಕ್ಕಳು" ಎಂದಳು. ಅದಕ್ಕೆ 'ಗಾಬರಿ' ಕಾರ್ಡನ್ನೇ ಇಟ್ಟಿದ್ದೇವೆ. ಇವತ್ತು ನಮ್ಮೆಲ್ಲರ ಮುಖವೂ ಅದೇ ತಾನೆ.

ಈ ಕಾರ್ಡುಗಳ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮದು ಆಟಿಸಂ ಇರುವ ಮಕ್ಕಳ ಶಾಲೆ. ಈ ಮಕ್ಕಳಿಗೆ ಭಾವನೆ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ತುಂಬಿ ತುಳುಕುವಷ್ಟಿದೆ. ಹೊರಗೆ ತೋರಿಸುವ ದಾರಿ ಮಾತ್ರ ಬೇರೆ, ಇನ್ನೊಬ್ಬರ ಮುಖ ನೋಡಿ ತಿಳಿಯುವುದು ಕಷ್ಟ. ಅದಕ್ಕೆ ಟೀಚರ್ ತಮ್ಮದೇ ಮುಖದ ಫೋಟೋ ತೆಗೆಸಿ ಕಾರ್ಡು ಮಾಡಿದರು. ಸಿಟ್ಟು, ಭಯ, ಬೇಜಾರು, ನೋವು — ಒಟ್ಟು ಮೂವತ್ತೊಂದು. ಊರಿನವರಿಗೆಲ್ಲ ಅವರು 'ಮುಖದ ಟೀಚರ್' ಆದರು.

ಆದರೆ ಕಾರ್ಡಿಗೆ ನಾಟಕದ ಮುಖ ನಡೆಯುತ್ತಿರಲಿಲ್ಲ! ಒಂದು ದಿನ ನಾನು ಅವರ ರಿಜಿಸ್ಟರಿನ ಮೇಲೆ ಪೂರ್ತಿ ಲೋಟ ಟೀ ಚೆಲ್ಲಿದೆ. "ನಿಮಗೆ ಕಣ್ಣು ಕಾಣ್ಸಲ್ವೇನ್ರೀ!" ಎಂದು ಕೂಗುತ್ತಾ ಕೂಗುತ್ತಾ, ಹೀಗೆ ಬೆರಳು ಎತ್ತಿದವರು, ಆ ಬೆರಳನ್ನು ಇಳಿಸದೆಯೇ "ತಡೀರಿ, ತಡೀರಿ, ಫೋಟೋ ತೆಗೀರಿ, ಸಿಟ್ಟು ಇಳಿದುಬಿಡತ್ತೆ" ಎಂದರು. ಸಿಟ್ಟಿನ ಕಾರ್ಡು ಹಾಗೆ ಬಂತು. ನೋವಿನ ಕಾರ್ಡು ಹಲ್ಲು ಕೀಳಿಸಿಕೊಂಡ ದಿನದ್ದು. ಯಜಮಾನರೇ ತೆಗೆದದ್ದು, ಸ್ವಲ್ಪ ಮಸುಕಾಗಿದೆ.

ಬೆಳಿಗ್ಗೆ ಬಂದ ತಕ್ಷಣ ಮಕ್ಕಳೂ ನಾವೂ ನಮಗೆ ಹೇಗನ್ನಿಸುತ್ತಿದೆಯೋ ಆ ಕಾರ್ಡನ್ನು ಬಾಗಿಲ ಪಕ್ಕದ ಬೋರ್ಡಿನಲ್ಲಿ ನಮ್ಮ ಹೆಸರಿನ ಮುಂದೆ ಸಿಕ್ಕಿಸಬೇಕು. ಒಂದೇ ನಿಯಮ — ಬೋರ್ಡಿನ ಮೇಲೆ ಸುಳ್ಳು ಹಾಕಬಾರದು. ಅದನ್ನು ಕಾಯುವುದಕ್ಕೆ ಒಬ್ಬಳಿದ್ದಾಳೆ. ಒಂಬತ್ತು ವರ್ಷ. ನಾವು ಅವಳನ್ನು ಇನ್‌ಸ್ಪೆಕ್ಟರಮ್ಮ ಅನ್ನುತ್ತೇವೆ. ಒಮ್ಮೆ ಮನೆಯಲ್ಲಿ ಜಗಳವಾಡಿ ಬಂದು ನಾನು 'ಖುಷಿ' ಸಿಕ್ಕಿಸಿದ್ದೆ. ನನ್ನ ಮುಖ ನೋಡಿದಳು, ಕಾರ್ಡು ಕಿತ್ತು ನನ್ನ ಕೈಗಿಟ್ಟಳು. "ಸುಳ್ಳು" ಎಂದಳು. ಟೀಚರ್ ಬಿದ್ದು ಬಿದ್ದು ನಕ್ಕರು. ಆಮೇಲೆ ನನಗೆ ಹೇಳಿದರು, "ಈ ಮಕ್ಕಳಿಗೆ ನಮ್ಮ ಮುಖ ಓದಕ್ಕೆ ಬರಲ್ಲ ಅಂತೀವಲ್ಲ, ನಮಗೆ ಅವರದ್ದು ಬರತ್ತೇನ್ರೀ?"

ಈಗ — ಗುರುವಾರದ್ದು ಹೇಳಬೇಕು. ಯಜಮಾನರ ಹತ್ತಿರ ಮೊದಲೇ ಹೇಳಿದ್ದೇನೆ. ಅವರು, "ಸಭೆಯಲ್ಲೇ ಹೇಳಿಬಿಡಿ ಮೇಡಂ" ಎಂದರು.

ಆ ವಾರ ನಮ್ಮ ಪಾಠ 'ನೋವು'. ಟೀಚರ್ ಬೆಳಿಗ್ಗೆ ತಮ್ಮ ಹೆಸರಿನ ಮುಂದೆ ನೋವಿನ ಕಾರ್ಡು ಸಿಕ್ಕಿಸಿದ್ದರು. ನಾನೂ ನೋಡಿದೆ, ಆಯಾನೂ ನೋಡಿದಳು. ಪಾಠಕ್ಕೆ ಅಂದುಕೊಂಡೆವು. ಒಂಬತ್ತೂಮುಕ್ಕಾಲಿಗೆ ಇನ್‌ಸ್ಪೆಕ್ಟರಮ್ಮ ಆ ಕಾರ್ಡು ಹಿಡಿದು ನನ್ನ ಕೋಣೆಗೆ ಬಂದಳು. ತನ್ನ ಎಡ ಭುಜವನ್ನು ಹೀಗೆ ತಟ್ಟಿಕೊಂಡು, "ಟೀಚರ್. ನೋವು" ಎಂದಳು.

ಮೂರು ವರ್ಷದಿಂದ ನಾವು ಕಾಯುತ್ತಿದ್ದದ್ದು ಅದಕ್ಕೇ. 'ಇನ್ನೊಬ್ಬರ ನೋವು ಗುರುತಿಸಿ ಬೇರೆಯವರಿಗೆ ತಿಳಿಸುವುದು' — ಅವಳ ಫೈಲಿನಲ್ಲಿ ನನ್ನ ಕೈಯಾರೆ ಬರೆದ ಗುರಿ. ನಾನು ಕುಣಿದಾಡಿಬಿಟ್ಟೆ! "ಭೇಷ್ ಕಣೇ ಜಾಣೆ!" ಎಂದು ಚಪ್ಪಾಳೆ ತಟ್ಟಿದೆ. ಆಯಾನ ಕರೆದು ತೋರಿಸಿದೆ. ಅವಳ ಕೈಗೆ ಒಂದು ನಕ್ಷತ್ರದ ಸ್ಟಿಕ್ಕರ್ ಅಂಟಿಸಿದೆ. ಅವಳು ಹೋಗಲಿಲ್ಲ. ಮತ್ತೆ ಹೇಳಿದಳು, "ಟೀಚರ್. ನೋವು." ನಾನು — ಇನ್ನೊಂದು ನಕ್ಷತ್ರ ಅಂಟಿಸಿದೆ.

ಹನ್ನೊಂದು ಗಂಟೆಗೆ ಟೀಚರ್ ಬೋರ್ಡಿನ ಪಕ್ಕ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು, "ಹೃದಯಾಘಾತ. ಒಂದು ಗಂಟೆ ಮುಂಚೆ ಕರ್ಕೊಂಡು ಬರಬಾರದಿತ್ತಾ?" ಎಂದರು. ಅವರಿಗೆ ಏನಂತ ಹೇಳಲಿ? ಮುಂಚೆಯೇ ಗೊತ್ತಿತ್ತು ಅಂತಲೇ? ಟೀಚರ್ ಮನೆಯಲ್ಲಿ, "ಭುಜ ಹಿಡ್ಕೊಂಡಿದೆ, ಸರಿಹೋಗತ್ತೆ ಬಿಡಿ" ಎಂದು ಹೇಳಿ ಬಂದಿದ್ದರಂತೆ. ಮನೆಯಲ್ಲಿ ಮುಚ್ಚಿಟ್ಟರು, ಬೋರ್ಡಿನ ಮೇಲೆ ಸುಳ್ಳು ಹಾಕಲಿಲ್ಲ. ಅವರ ನಿಯಮ ಅವರು ಪಾಲಿಸಿದರು. ಓದಬೇಕಾದ ನಾನು ಓದಲಿಲ್ಲ.

ಸೋಮವಾರ ನನ್ನ ಮೇಜಿನ ಮೇಲೆ ಅವಳು ಕಿತ್ತಿಟ್ಟ ಎರಡು ನಕ್ಷತ್ರ ಇದ್ದವು. ಅಂಚು ಸುರುಟಿಕೊಂಡಿತ್ತು. ಇನ್‌ಸ್ಪೆಕ್ಟರಮ್ಮ ಅವತ್ತಿನಿಂದ ಬೋರ್ಡು ಮುಟ್ಟಿಲ್ಲ. ಮನೆಯಲ್ಲೂ ಏನೂ ತೋರಿಸುತ್ತಿಲ್ಲವಂತೆ. ನಿನ್ನೆ ಬಿಸಿ ನೀರು ಕಾಲಿಗೆ ಚೆಲ್ಲಿದರೂ ತುಟಿ ಬಿಚ್ಚಲಿಲ್ಲ ಎಂದು ಅವರಮ್ಮ ಅತ್ತರು. ಯಾಕೆ ತೋರಿಸಬೇಕು ಅವಳು? ತೋರಿಸಿದಾಗ ನಾವು ಮಾಡಿದ್ದೇನು?

ಟೀಚರ್ ಹದಿನಾಲ್ಕು ವರ್ಷ ಕಟ್ಟಿದ್ದನ್ನು ನಾನು ಎರಡು ಸ್ಟಿಕ್ಕರಿನಲ್ಲಿ ಕೆಡವಿದೆ.

ಇನ್‌ಸ್ಪೆಕ್ಟರಮ್ಮಾ, ಇಲ್ಲಿ ನೋಡು. ನೋಡದಿದ್ದರೂ ಪರವಾಗಿಲ್ಲ, ಕೇಳಿಸಿಕೋ. ನೀನು ಹೇಳಿದ್ದು ಸರಿ. ಟೀಚರ್‌ಗೆ ನೋವಿತ್ತು. ನೀನು ಹೇಳಿದೆ. ನಾನು ಕೇಳಲಿಲ್ಲ. ತಪ್ಪು ನಂದು. ನಿಂದಲ್ಲ ಕಣಮ್ಮ, ನಂದು. ಬೋರ್ಡು ಇಲ್ಲೇ ತಂದಿದ್ದೇವೆ. ನನ್ನ ಹೆಸರಿನ ಮುಂದೆ 'ನೋವು' ಸಿಕ್ಕಿಸುತ್ತಿದ್ದೇನೆ. ನಿಜವೋ ಸುಳ್ಳೋ, ಬಂದು ನೋಡು. ಇವತ್ತಾಗದಿದ್ದರೆ ನಾಳೆ. ನಾನು ಕಾಯುತ್ತೇನೆ.

ಇನ್ನು ನಿಮ್ಮೆಲ್ಲರಲ್ಲಿ ಒಂದು ಕೋರಿಕೆ. ಟೀಚರ್ ನೆನಪಿನಲ್ಲಿ ಒಂದು ನಿಮಿಷ ಮೌನವಾಗಿ ನಿಲ್ಲೋಣ. ಆದರೆ ದಯವಿಟ್ಟು ತಲೆ ತಗ್ಗಿಸಬೇಡಿ, ಕಣ್ಣು ಮುಚ್ಚಬೇಡಿ, ಕರ್ಚೀಫಿನಲ್ಲಿ ಮುಖ ಮರೆಮಾಡಬೇಡಿ. ಅಳು ಬಂದರೆ ಅಳಿ, ಮಕ್ಕಳಿಗೆ ಕಾಣಲಿ. ಯಾವುದಾದರೂ ಮಗು ನಿಮ್ಮ ಹತ್ತಿರ ಬಂದು "ನೋವು" ಎಂದರೆ ಭೇಷ್ ಅನ್ನಬೇಡಿ. ಬಗ್ಗಿ, "ಎಲ್ಲಿ?" ಎಂದು ಕೇಳಿ.

ಏಳಿ. ತಲೆ ಎತ್ತಿ ನಿಲ್ಲಿ.