ತೂಗುಮಂಚ ಬಿಟ್ಟಿಳಿದ ಸಾಹುಕಾರ

ರಬಕವಿ ಕಡೆಯ ಒಂದೂರಲ್ಲಿ ಅಡಿವೆಪ್ಪ ಎಂಬ ಸೀರೆ ವ್ಯಾಪಾರಿ ಇದ್ದ, ಭಾರಿ ಅನುಕೂಲಸ್ಥ. ಅಂಗಡಿ ದೊಡ್ಡದು, ಮಾತು ದೊಡ್ಡದು, ಹೊಟ್ಟೆ ಇನ್ನೂ ದೊಡ್ಡದು. ಅರವತ್ತು ದಾಟಿದ ಮೇಲೆ ಅವನಿಗೆ ಮೊಣಕಾಲಿನ ಸಂಧಿವಾತ ಹಿಡಿಯಿತು. ಎದ್ದರೆ ಕಟಕಟ ಸದ್ದು, ಕೂತರೆ ಏಳಲಾಗದು. ಡಾಕ್ಟರಮ್ಮನಿಗೆ ತೋರಿಸಿದ, ಆದರೆ ಅವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೇನು ಮಾಡಿದ? ಬಳಸಿದಷ್ಟೂ ಕೀಲು ಸವೆಯುತ್ತದೆ, ಬಳಸುವುದೇ ಬೇಡ ಎಂದು ತೂಗುಮಂಚ ಹತ್ತಿ ಕೂತುಬಿಟ್ಟ. ನೀರು ಅಲ್ಲಿಗೇ, ಊಟ ಅಲ್ಲಿಗೇ, ಹೋಳಿಗೆಯೂ ಅಲ್ಲಿಗೇ.

ನೋಡಿ, ಕೂತವನ ತೂಕ ಏರಿತು, ತೊಡೆಯ ಬಲ ಇಳಿಯಿತು, ನೋವು ಹೆಚ್ಚಿತು. ಸಂಜೆ ಮಠದ ಭಜನೆಯಲ್ಲಿ ತಾಳ ಹಾಕುತ್ತಿದ್ದವನು ಅದನ್ನೂ ಬಿಟ್ಟ. ಭಜನೆಯ ದನಿ ತೇಲಿ ಬಂದರೆ ಕಿಟಕಿ ಮುಚ್ಚಿಸುತ್ತಿದ್ದ. ತಾನಿಲ್ಲದ ಭಜನೆ ಅವನಿಗೆ ಬೇಡವಾಗಿತ್ತು.

ಒಂದು ಸಂಜೆ ಹೆಂಡತಿ ಶಾವಂತ್ರೆವ್ವ ಚಪ್ಪಲಿ ಮೆಟ್ಟುತ್ತಿದ್ದಳು.

"ಎಲ್ಲಿಗೆ ಹೊಂಟಿ?"

"ಭಜನಿಗಿ. ನಡಕೋಂತ."

"ನಿನಗೂ ಮೊಣಕಾಲ ಬ್ಯಾನಿ ಅಂತಿದ್ದೆಲ್ಲ?"

"ಈಗೂ ಐತಿ. ನಿಮ್ಮನ್ನ ನೋಡಿದ ಡಾಕ್ಟರಬಾಯಾರೇ ನನ್ನೂ ನೋಡ್ಯಾರ. ನೀವು ಅವರ ಮಾತು ಕೇಳಲಿಲ್ಲ, ನಾ ಕೇಳಿದೆ."

ಅಡಿವೆಪ್ಪನಿಗಿದ್ದ ನೋವೇ ಅವಳಿಗೂ ಇತ್ತು. ಅವಳ ನೋವು ಹೇಗಿದೆ ಎಂದು ಅವನು ಒಮ್ಮೆಯಾದರೂ ಕೇಳಿದ್ದನೇ?

"ಏನಂದಿದ್ರು ಅವರು?"

"ಸವದದ್ದು ತಿರುಗಿ ಬರೂದಿಲ್ಲ, ಆದ್ರ ತೊಡಿ ಗಟ್ಟಿ ಆದ್ರ ಮೊಣಕಾಲಿನ ಭಾರ ಅದು ಹೊರತೈತಿ ಅಂದ್ರು. ಕುರ್ಚಿ ಮ್ಯಾಲೆ ಕುಂತು ಕಾಲ ನೀಟ ಎತ್ತೂದು, ಇಳಸೂದು. ಕುಕ್ಕರಗಾಲಿಲೆ ಕುಂದ್ರಬಾರದು. ದಿನಾ ನಡೀಬೇಕು, ಬ್ಯಾನಿ ಜಾಸ್ತಿ ಆದ ದಿನ ಸ್ವಲ್ಪ ಕಡಿಮಿ."

"ಇದನ್ನೆಲ್ಲ ಯಾವಾಗ ಮಾಡಿದಿ?"

"ನಿಮ್ಮ ಮುಂದನ ಮಾಡೀನಿ. ನೀವು ಹೋಳಿಗಿ ನೋಡಾಕತ್ತಿದ್ರಿ."

ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಮರುದಿನ ಕುರ್ಚಿ ತರಿಸಿ ಕಾಲೆತ್ತಿದ. ಕಾಲು ಗಡಗಡ ನಡುಗಿತು. "ಸಾಕ ಮಾಡ್ರಿ ಇವತ್ತಿಗೆ, ನಾಳಿ ಐತಲ್ಲ" ಎಂದಳು ಶಾವಂತ್ರೆವ್ವ. ಮೊದಮೊದಲು ಅಂಗಳದ ತನಕ, ಆಮೇಲೆ ಓಣಿಯ ತುದಿಯ ತನಕ ಕೋಲೂರಿ ನಡೆದ. ತಟ್ಟೆಯ ಹೋಳಿಗೆ ಕಡಿಮೆಯಾಯಿತು, ಹೊಟ್ಟೆಯೂ ತುಸು ಕರಗಿತು. ಕೊನೆಗೊಂದು ಸಂಜೆ ಹೆಂಡತಿಯ ಜೊತೆ ಮಠ ಮುಟ್ಟಿದ. ಗೆಳೆಯರು ಕುರ್ಚಿ ಹಾಕಿಕೊಟ್ಟರು. ನೋವು ಪೂರ್ತಿ ಹೋಗಿತ್ತೇ? ಇಲ್ಲ. ಆದರೆ ತಾಳ ಕೈಗೆ ಬಂದಾಗ ನೋವಿನ ನೆನಪೇ ಇರಲಿಲ್ಲ.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮಲ್ಲಿ ತೂಗುಮಂಚ ಹತ್ತಿದವರು ಎಷ್ಟು ಜನ? ವೈದ್ಯರಿಗೆ ತೋರಿಸಿ, ಅವರು ಹೇಳಿದ್ದನ್ನು ದಿನಾ ಮಾಡಿ. ತಟ್ಟೆಗೆ ಒಂದು ಹಿಡಿ ಕಡಿಮೆ ಬಡಿಸಿಕೊಳ್ಳಿ. ಕೋಲು ಹಿಡಿಯಲು ನಾಚಬೇಡಿ. ಕೀಲು ಚಲಿಸಲಿಕ್ಕೆಂದೇ ಇದೆ, ಅದನ್ನು ಮೂಲೆಗೆ ಕೂರಿಸಬೇಡಿ. ಇವತ್ತು ಮನೆಗೆ ಹೋದ ಕೂಡಲೇ, ನಿಮ್ಮ ನೋವಿನ ಕಥೆ ತೆಗೆಯುವ ಮೊದಲು, ಅಡುಗೆಮನೆಯಲ್ಲಿ ನಿಂತವರನ್ನು ಕೇಳಿ: "ನಿನ್ನ ಕಾಲು ಹೇಗಿದೆ?"