ರದ್ದಾದ ನಲವತ್ತು ಪೆಟ್ಟಿಗೆ

ಅಮೆರಿಕದ ಡುಲೂತಿನಲ್ಲಿ ಮೊದಲ ಹಿಮದ ಸುದ್ದಿ ಬಂದ ದಿನ ಚಳಿಗಾಲದ ಟೈರು ಹಾಕಿಸಲು ಊರಿಗೆ ಊರೇ ಗ್ಯಾರೇಜಿಗೆ ಬರುತ್ತದೆ. ಈ ಸಲ ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಎರಡು ಬೇರೆ ಬೇರೆ ಶಾಲೆಗಳ ಲೈಬ್ರರಿ ನೋಡಿಕೊಳ್ಳುವ ಮಾರ್ಲಿಸ್ ಮತ್ತು ಗ್ವೆನ್ ಕೂತಿದ್ದರು.

“ನಿನ್ನ ಹೊಸ ಲೈಬ್ರರಿಗೆ ಮೇಯರ್ ಬಂದು ರಿಬ್ಬನ್ ಕತ್ತರಿಸಿದ್ರಂತೆ,” ಎಂದಳು ಮಾರ್ಲಿಸ್.

“ಭವಿಷ್ಯದ ಲೈಬ್ರರಿ ಕಣೇ. ರೋಬೋಟ್ ಇದೆ, ರೆಕಾರ್ಡಿಂಗ್ ರೂಮಿದೆ.”

“ನಮ್ಮಲ್ಲಿ ಸೋರೋ ಸೂರಿದೆ.”

“ಹೊಟ್ಟೆ ಉರ್ಕೋಬೇಡ. ಜಾಗ ಮಾಡೋಕೆ ತೆಗೆದ ಪುಸ್ತಕ ನಲವತ್ತು ಪೆಟ್ಟಿಗೆ ನಿನಗೇ ಕೊಟ್ನಲ್ಲ.”

“ಕೊಟ್ಟೆ. ಪ್ರತಿಯೊಂದರ ಮೇಲೂ ‘ರದ್ದು’ ಅಂತ ಮುದ್ರೆ ಒತ್ತಿ ಕೊಟ್ಟೆ.”

“ಅದಿರ್ಲಿ, ನಿಮ್ಮ ಶಾಲೇಲಿ ಓದೋ ನನ್ನ ಮಗಳು ದಿನಾ ಲೇಟಾಗಿ ಬರ್ತಾಳೆ. ನಿನ್ನ ಲೈಬ್ರರೀಲಿ ಏನ್ಮಾಡ್ತಾಳೆ?”

“ಬ್ರಿಟ್ಟಾನಾ? ಎಐ ಹೇಳಿದ್ದು ನಿಜಾನಾ ಅಂತ ಆ ರದ್ದಾದ ಪುಸ್ತಕಗಳಲ್ಲಿ ಹುಡುಕ್ತಾಳೆ. ನಿನ್ನೆ ಮೂರು ಸುಳ್ಳು ಹಿಡಿದಳು.”

“ನನ್ನ ಹತ್ರ ಒಂದು ಮಾತೂ ಹೇಳಿಲ್ಲ. ಯಾರು ಕಲಿಸಿದ್ದು?”

“ನಾನು.”

ಗ್ವೆನ್ ಕಾಫಿ ಲೋಟದ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದಳು. ಅವಳ ಕಾರು ಸಿದ್ಧವಾಗಿದೆ ಎಂದು ಕೂಗಿದರು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಆ ಪೆಟ್ಟಿಗೆಗಳಲ್ಲಿ ಎರಡು ವಾಪಸ್ ಕೊಡ್ತೀಯಾ?”

“ನಮ್ಮಲ್ಲಿ ಕಾರ್ಡ್ ಮಾಡಿಸ್ಕೋ, ಗ್ವೆನ್. ಎರಡು ವಾರದ ಮಟ್ಟಿಗೆ ಕೊಡ್ತೀನಿ.”