ತಮ್ಮನ ಪಾಲು

ಕೈ ಮುರಿದ ಬಡಗಿ ವ್ಯಾಯಾಮ ಚಿಕಿತ್ಸೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲೇ ಅವನಿಗೆ ಗುರುತಿಲ್ಲದ ಅಣ್ಣತಮ್ಮಂದಿರು: ಗಾಲಿಕುರ್ಚಿಯಲ್ಲಿ ತಮ್ಮ, ಹಿಂದೆ ಅಣ್ಣ. ಅವರ ಮಾತು ಕೇಳಬಾರದೆಂದು ಬಡಗಿ ಕಿವಿ ಮುಚ್ಚಿಕೊಳ್ಳೋಣವೆಂದರೆ ಆಡುತ್ತಿದ್ದದ್ದು ಒಂದೇ ಕೈ.

“ನಿನ್ನೆ ಒಳಗಿನ ಸೈಕಲ್ಲಲ್ಲಿ ನಿನ್ನ ಕಾಲು ಪೆಡಲ್ ತುಳೀತಿತ್ತು ಕಣೋ!” ಅಂದ ಅಣ್ಣ. “ ಇನ್ನೇನು ನಡೀತಾನೆ ಅಂತ ಅಮ್ಮನಿಗೂ ಹೇಳ್ಬಿಟ್ಟೆ.”

“ಯಾಕೋ ಹೇಳ್ದೆ? ತುಳಿದದ್ದು ನಾನಲ್ಲ, ಕರೆಂಟು. ತೊಡೆಗೆ ಪಟ್ಟಿ ಅಂಟಿಸಿ ಕರೆಂಟು ಬಿಟ್ರೆ ಕಾಲು ತಾನೇ ಆಡುತ್ತೆ. ‘ಭಲೇ, ತುಳೀರಿ ತುಳೀರಿ!’ ಅಂತಾಳೆ ಆ ವ್ಯಾಯಾಮ ಮಾಡಿಸೋ ಮೇಡಮ್ಮು.” ತಮ್ಮ ಅವಳ ದನಿಯನ್ನು ಮೂಗಿನಲ್ಲೇ ಅಣಕಿಸಿದ. “ಸೊಂಟದ ಕೆಳಗೆ ನನಗೇನೂ ಗೊತ್ತಾಗಲ್ಲ.”

“ಮತ್ತೆ ಯಾಕೆ ಬರ್ತೀಯ?”

“ಮಾಂಸ ಕರಗಬಾರದು ಅಂತ. ನಡೆಯೋದು ಇಲ್ಲವೇ ಇಲ್ಲ ಅಂತ ಡಾಕ್ಟ್ರು ಹೇಳಾಯ್ತು.”

ಅಣ್ಣ ದನಿ ತಗ್ಗಿಸಿದ. “ಒಂದಿನ ಎದ್ದು ನಿಂತು ನನ್ನ ಎದೆಗೆ ಒದೀತೀಯ ಅಂತ ಕಾಯ್ತಿದ್ದೆ. ಆವತ್ತು ತಾರಸಿಯಿಂದ ಕುತ್ತಿಗೆ ಹಿಡಿದು ನೂಕಿದ್ದಕ್ಕೆ.”

“ಪೊಲೀಸರಿಗೆ ನಾನೇ ಜಾರಿಬಿದ್ದೆ ಅಂದದ್ದು ಯಾಕೆ ಗೊತ್ತಾ? ಜೈಲಲ್ಲಿ ನಿನ್ನನ್ನ ಬೇರೆಯವರು ಬಡೀತಾರೆ. ನನ್ನ ಪಾಲು ನನಗೇ ಬೇಕು.”

“ಹೊಡಿ, ಹಾಗಾದ್ರೆ.”

“ಎಟುಕಲ್ಲ. ಬಗ್ಗು.”

ಅಣ್ಣ ಮುಂದೆ ಬಂದು ಮಂಡಿಯೂರಿದ. ತಮ್ಮ ಕೂತಲ್ಲಿಂದಲೇ ಅವನ ಬಾಯಿಗೆ ಗುದ್ದಿದ. ಮತ್ತೆ ಗುದ್ದಿದ, ತುಟಿ ಒಡೆದರೂ ಬಿಡಲಿಲ್ಲ. ಅಣ್ಣ ಕೈ ಅಡ್ಡ ತರಲಿಲ್ಲ. ಬಡಗಿ ಗಾಬರಿಯಿಂದ ಎದ್ದು ನಿಂತ. ರಕ್ತ ತಮ್ಮನ ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದರ ಬಿಸಿ ಅವನಿಗೆ ತಿಳಿಯಲಿಲ್ಲ.

“ನಾನು ನಡೆಯಲ್ಲ ಅಂತ ಅಮ್ಮನಿಗೆ ನೀನೇ ಹೇಳ್ಬೇಕು,” ಅಂದ ತಮ್ಮ, ಏದುಸಿರು ಬಿಡುತ್ತಾ.

“ಹೇಳ್ತೀನಿ.”

“ನೂಕಿದ್ದನ್ನೂ.”

ಒಳಗಿನಿಂದ ಕರೆ ಬಂತು. ಅಣ್ಣ ತೋಳಿಗೆ ಬಾಯಿ ಒರೆಸಿಕೊಂಡು ಕುರ್ಚಿಯನ್ನು ಒಳಕ್ಕೆ ಉರುಳಿಸಿಕೊಂಡು ಹೋದ.